ಬಿಸಿಲಿನಲ್ಲಿ ಗುರಿ ಅಭ್ಯಾಸ: ಯಾವ ಕನ್ನಡಕ, ಎಷ್ಟು ಕಪ್ಪು?

ಏಪ್ರಿಲ್ ಕಾಲಿಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡದ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತೊಡಗುತ್ತದೆ: “ಬಿಸಲಾಗ ಗುರಿನ ಕಾಣವಲ್ದ್ರಿ ಸರ, ಭಾಳ ಕಪ್ಪನ್ನ ಚಾಳೀಸ ಯಾವುದು ತಗೋಬೇಕು?” ಕೇಳುವವರಲ್ಲಿ ಏರ್ ರೈಫಲ್ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಎನ್‌ಸಿಸಿ ಶಿಬಿರದಲ್ಲಿ ಮೊದಲ ಸಲ .22 ರೈಫಲ್ ಹಿಡಿಯಲಿರುವ ಕೆಡೆಟ್‌ಗಳ ತಂದೆ-ತಾಯಂದಿರಿದ್ದಾರೆ, ಹೊಲದಲ್ಲಿ ಮಣ್ಣಿನ ದಿಬ್ಬ ಕಟ್ಟಿಕೊಂಡು ರವಿವಾರಕ್ಕೊಮ್ಮೆ ಅಭ್ಯಾಸ ಮಾಡುವವರೂ ಇದ್ದಾರೆ. ಎಲ್ಲರ ಪ್ರಶ್ನೆಯಲ್ಲೂ ಒಂದೇ ತಪ್ಪು ಅಡಗಿದೆ. ಕನ್ನಡಕ ಎಷ್ಟು ಕಪ್ಪಾಗಿರಬೇಕು ಎನ್ನುವುದು ಕೊನೆಗೆ ತೀರ್ಮಾನಿಸಬೇಕಾದ ಸಂಗತಿ. ಹೆಚ್ಚಿನವರು ಅದನ್ನೇ ಮೊದಲು ತೀರ್ಮಾನಿಸಿ ಅಂಗಡಿಗೆ ಹೋಗುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ವಿನಂತಿ.

ಅಂಗಡಿಗೆ ಹೋಗುವಾಗ ನೀವು ಬಳಸುವ ಟೋಪಿ, ಕಿವಿಗೆ ಹಾಕಿಕೊಳ್ಳುವ ಇಯರ್ ಮಫ್ (ಸದ್ದು ತಡೆಯುವ ಕಿವಿ ಮುಚ್ಚಳ), ಕಣ್ಣಿನ ನಂಬರ್ ಇದ್ದರೆ ಇತ್ತೀಚಿನ ತಪಾಸಣೆಯ ಚೀಟಿ ಮತ್ತು ಒಂದು ಉದ್ದನೆಯ ಛತ್ರಿ ಜೊತೆಗಿರಲಿ. ಛತ್ರಿ ಯಾಕೆಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ.

1. ನಿಲ್ಲುವ ಜಾಗ ಮತ್ತು ಬೆಳಕಿನ ದಿಕ್ಕನ್ನು ಗುರುತಿಸಿಕೊಳ್ಳಿ

ನೀವು ನಿಲ್ಲುವುದು ಬಯಲಿನಲ್ಲೋ, ತಗಡಿನ ಶೆಡ್ಡಿನ ನೆರಳಿನಲ್ಲೋ? ಗುರಿ ಇರುವುದು ಬಿಸಿಲಿನಲ್ಲೋ, ನೆರಳಿನಲ್ಲೋ? ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡೆಂದರೆ ಹೊಡೆಯುವವರು ನೆರಳಿನಲ್ಲಿ, ಗುರಿ ಬಿಸಿಲಿನಲ್ಲಿ. ಇಂಥ ಕಡೆ ಗುರಿಯ ಕಾಗದ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಕಂಡರೂ ನಿಮ್ಮ ಬಂದೂಕಿನ ಸೈಟ್ (ಗುರಿ ಹೊಂದಿಸುವ ಮೊನೆ ಮತ್ತು ತೂತು) ನೆರಳಿನಲ್ಲೇ ಇರುತ್ತದೆ. ಕಪ್ಪು ಕನ್ನಡಕ ಹಾಕಿದರೆ ಕಾಗದದ ಝಳ ಇಳಿಯುತ್ತದೆ, ಆದರೆ ಅದರ ಜೊತೆಗೆ ಸೈಟ್ ಕೂಡ ಮಸುಕಾಗುತ್ತದೆ.

ಇನ್ನು ದಿಕ್ಕಿನ ವಿಚಾರ. ಬಯಲು ರೇಂಜುಗಳಲ್ಲಿ (ಗುರಿ ಅಭ್ಯಾಸದ ಜಾಗಗಳಲ್ಲಿ) ಸೂರ್ಯ ಆದಷ್ಟೂ ಹೊಡೆಯುವವರ ಬೆನ್ನ ಹಿಂದಿರಬೇಕು ಎಂಬುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯಲ್ಲಿಯೇ ಇರುವ ಸೂಚನೆ. ಉತ್ತರಾರ್ಧಗೋಳದಲ್ಲಿ ಅದಕ್ಕೆಂದು ಉತ್ತರಕ್ಕೆ ಮುಖಮಾಡಿ ನಿಲ್ಲುವುದು ರೂಢಿ. ಆದರೆ ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು, ಅನಂತರ ಉತ್ತರಕ್ಕೆ ಸರಿದು, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೆ ನೆತ್ತಿಗೆ ಬರುತ್ತಾನೆ. ಜೂನ್ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 25 ಡಿಗ್ರಿಯಷ್ಟು ಉತ್ತರಕ್ಕೆ. ಅಂದರೆ ಈ ಮೂರು ತಿಂಗಳು ಉತ್ತರಕ್ಕೆ ಮುಖಮಾಡಿ ನಿಂತವರಿಗೂ ಬೆಳಗಿನ ಬಿಸಿಲು ಬಲಗಣ್ಣಿನ ಪಕ್ಕದಿಂದಲೂ ಸಂಜೆಯ ಬಿಸಿಲು ಎಡಗಣ್ಣಿನ ಪಕ್ಕದಿಂದಲೂ ಬರುತ್ತದೆ. ಪಕ್ಕದಿಂದ ಬರುವ ಬೆಳಕನ್ನು ಮುಂದಿನ ಲೆನ್ಸ್ ಎಷ್ಟೇ ಕಪ್ಪಾಗಿದ್ದರೂ ತಡೆಯಲಾರದು. ಅದಕ್ಕೆ ಪಕ್ಕಕ್ಕೆ ಬಾಗಿದ ಲೆನ್ಸ್ ಅಥವಾ ಪಕ್ಕದ ಪಟ್ಟಿ ಬೇಕು.

ನೆಲವನ್ನೂ ಗಮನಿಸಿ. ಗದಗ, ನವಲಗುಂದದ ಕಡೆಯ ಎರೆಭೂಮಿ ಬೆಳಕನ್ನು ಬಹಳವಾಗಿ ನುಂಗುತ್ತದೆ. ಹೊಸ ಕಾಂಕ್ರೀಟ್ ಅಂಗಳ ಮತ್ತು ಸುಣ್ಣ ಬಳಿದ ಗೋಡೆ ಕೆಳಗಿನಿಂದಲೂ ಬೆಳಕನ್ನು ಕಣ್ಣಿಗೆ ಎಸೆಯುತ್ತವೆ.

2. ಗಟ್ಟಿತನವನ್ನು ಮೊದಲು ನೋಡಿ

ಏರ್ ರೈಫಲ್ಲಿನ 4.5 ಮಿ.ಮೀ. ಸೀಸದ ಪೆಲೆಟ್ (ಚಿಕ್ಕ ಗುಂಡು) ಕಲ್ಲಿಗೋ ಕಬ್ಬಿಣದ ತಗಡಿಗೋ ಬಡಿದರೆ ಚೂರಾಗಿ ಹಿಂದಕ್ಕೆ ಸಿಡಿಯುತ್ತದೆ. ಉಕ್ಕಿನ ಬಿಬಿ ಗುಂಡು ಚೂರಾಗದೆ ಇಡಿಯಾಗಿ ಪುಟಿದು ಬರುತ್ತದೆ. .22 ರೈಫಲ್ಲಿನಲ್ಲಿ ತೋಟಾದ ಕೊಪ್ಪೆ (ಮದ್ದು ತುಂಬಿದ ಲೋಹದ ಕವಚ) ಒಡೆದು ಬಿಸಿ ಅನಿಲ ಹಿಂದಕ್ಕೆ ಬರುವುದು ಅಪರೂಪವಾದರೂ ಸಂಭವಿಸಬಹುದಾದದ್ದೇ, ಮತ್ತು ಪಕ್ಕದವರ ರೈಫಲ್ಲಿನಿಂದ ಹೊರಬಿದ್ದ ಬಿಸಿ ಖಾಲಿ ಕೊಪ್ಪೆ ನಿಮ್ಮ ಮುಖದ ಮೇಲೆ ಬೀಳಬಹುದು. ಇವನ್ನೆಲ್ಲ ತಡೆಯುವುದು ಲೆನ್ಸಿನ ಪದಾರ್ಥ. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಂಗಡಿಗಳಲ್ಲಿ ‘ಫೈಬರ್’ ಎಂದು ಕರೆಯುವ ಸಾಮಾನ್ಯ ಲೆನ್ಸ್ ಸಿಆರ್-39 ಎಂಬ ಪ್ಲಾಸ್ಟಿಕ್. ಗಾಜಿಗಿಂತ ಅದು ವಾಸಿ, ಓದಲು-ಬರೆಯಲು ಉತ್ತಮ. ಆದರೆ ಬಲವಾದ ಏಟಿಗೆ ಒಡೆದು ಚೂಪಾದ ತುಂಡುಗಳಾಗುತ್ತದೆ. ಶೂಟಿಂಗಿಗೆ ಬೇಕಾದದ್ದು ಪಾಲಿಕಾರ್ಬೊನೇಟ್ (ಅಂಗಡಿಯವರ ಬಾಯಲ್ಲಿ ‘ಪಾಲಿ’) ಅಥವಾ ಟ್ರೈವೆಕ್ಸ್. ಗಾಜಿನ ಲೆನ್ಸಿನ ಹಳೆಯ ತಂಪು ಕನ್ನಡಕವನ್ನು, ಅದು ಎಷ್ಟೇ ಬೆಲೆಯದಾಗಿರಲಿ, ರೇಂಜಿಗೆ ತರಬೇಡಿ.

‘ಪಾಲಿ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಲೆನ್ಸಿನ ಮೂಲೆಯಲ್ಲಿ ಮತ್ತು ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಬದಿಯಲ್ಲಿ ಗುರುತು ಇರಬೇಕು. ನಿಮಗೆ ಎದುರಾಗುವ ಗುರುತುಗಳು ಮುಖ್ಯವಾಗಿ ಇವು:

• ಝಡ್87+ : ಅಮೆರಿಕದ ಅನ್ಸಿ ಮಾನದಂಡ. 6.35 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು, 500 ಗ್ರಾಂ ತೂಕದ ಚೂಪು ಮೊನೆಯ ಭಾರವನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸಿ ಪರೀಕ್ಷಿಸಿರುತ್ತಾರೆ. ಕೊನೆಯ ‘ಪ್ಲಸ್’ ಚಿಹ್ನೆ ಇಲ್ಲದ ಬರಿಯ ಝಡ್87 ಎಂದರೆ ಈ ಹೆಚ್ಚಿನ ಏಟಿನ ಪರೀಕ್ಷೆ ಆಗಿಲ್ಲ ಎಂದರ್ಥ.
• ಇಎನ್ 166 ಎಫ್ : ಯುರೋಪಿನದು. 6 ಮಿ.ಮೀ. ಗುಂಡು, ಸೆಕೆಂಡಿಗೆ 45 ಮೀಟರ್. ‘ಎಫ್’ ಬದಲು ‘ಎಸ್’ ಇದ್ದರೆ ಅದು ಇದಕ್ಕಿಂತ ಸೌಮ್ಯವಾದ ಪರೀಕ್ಷೆ.
• ಐಎಸ್ 5983 : ಕಣ್ಣಿನ ರಕ್ಷಣಾ ಸಾಧನಗಳಿಗಿರುವ ಭಾರತೀಯ ಮಾನದಂಡ.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಮರೆಯಬಾರದು. ಝಡ್87+ ಪರೀಕ್ಷೆಯ ಗುಂಡಿನ ಶಕ್ತಿ ಸುಮಾರು 1 ಜೂಲ್. ಹತ್ತು ಮೀಟರ್ ಸ್ಪರ್ಧೆಯ ಏರ್ ರೈಫಲ್ಲಿನ ಪೆಲೆಟ್ ನಳಿಗೆಯಿಂದ ಹೊರಡುವಾಗ ಅದರ ಶಕ್ತಿ ಸುಮಾರು 7ರಿಂದ 8 ಜೂಲ್. ಆದ್ದರಿಂದ ಈ ಕನ್ನಡಕ ಪುಟಿದು ಬರುವ ಚೂರಿಗೆ ತಡೆಯೇ ಹೊರತು ನೇರ ಗುಂಡಿಗಲ್ಲ. ‘ಶೂಟಿಂಗ್ ಗ್ಲಾಸ್ ಹಾಕೀನಲ್ಲ’ ಎಂಬ ಧೈರ್ಯದಿಂದ ಗುರಿಯ ಪಕ್ಕದಲ್ಲಿ ನಿಲ್ಲುವವರನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಮೆರಿಕದ ಸೈನ್ಯದ ಮಾನದಂಡಕ್ಕೆ ತಕ್ಕ ಕನ್ನಡಕಗಳು ಇನ್ನೂ ಗಟ್ಟಿ, ಅವುಗಳನ್ನು ಸೆಕೆಂಡಿಗೆ 195 ಮೀಟರಿಗೂ ಹೆಚ್ಚಿನ ವೇಗದ ಚೂರಿನಿಂದ ಪರೀಕ್ಷಿಸುತ್ತಾರೆ. ಆದರೆ ಅವೂ ನೇರ ಗುಂಡಿಗಲ್ಲ.

ಎಚ್ಚರಿಕೆ: ಲೆನ್ಸ್ ನಿಜವಾಗಿ ಪಾಲಿಕಾರ್ಬೊನೇಟ್ ಹೌದೋ ಅಲ್ಲವೋ ಎಂದು ನೋಡಲು ಸುತ್ತಿಗೆಯಿಂದ ಕುಟ್ಟುವುದು, ಉಗುರುಬಣ್ಣ ತೆಗೆಯುವ ದ್ರಾವಣ ಹಚ್ಚುವುದು ಬೇಡ. ಆ ದ್ರಾವಣದಲ್ಲಿರುವ ಅಸಿಟೋನ್ ಒಳ್ಳೆಯ ಪಾಲಿಕಾರ್ಬೊನೇಟನ್ನೇ ಹಾಳುಮಾಡುತ್ತದೆ.

3. ಅತಿನೇರಳೆ ಕಿರಣದ ತಡೆಯನ್ನು ಖಚಿತಪಡಿಸಿಕೊಳ್ಳಿ

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ವರ್ಷಗಟ್ಟಲೆ ಬಿದ್ದರೆ ಕಣ್ಣಿನ ಪೊರೆ ಮತ್ತು ಬಿಳಿಗುಡ್ಡೆಯ ಮೇಲೆ ಬೆಳೆಯುವ ದುರ್ಮಾಂಸಕ್ಕೆ ಕಾರಣವಾಗಬಲ್ಲವು. ಸಮುದ್ರ ಮಟ್ಟದಿಂದ ಮೇಲೇರಿದಂತೆ ಈ ಕಿರಣಗಳು ಪ್ರತಿ 1000 ಮೀಟರಿಗೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ. ಧಾರವಾಡ ಏಳುನೂರು ಮೀಟರಿಗೂ ಎತ್ತರದಲ್ಲಿದೆ. ತೆಳು ಮೋಡ ಇವನ್ನು ಹೆಚ್ಚೇನೂ ತಡೆಯುವುದಿಲ್ಲ.

ಬೇಕಾದ ಗುರುತು ‘ಯುವಿ 400’, ಅಂದರೆ 400 ನ್ಯಾನೋಮೀಟರ್‌ವರೆಗಿನ ಕಿರಣಗಳಿಗೆ ತಡೆ. ಝಡ್87 ಕನ್ನಡಕಗಳಲ್ಲಿ ಇದು ‘ಯು6’ ಎಂದಿರುತ್ತದೆ. ಈ ತಡೆಗೂ ಲೆನ್ಸ್ ಕಪ್ಪಾಗಿರುವುದಕ್ಕೂ ಸಂಬಂಧವಿಲ್ಲ: ಪಾಲಿಕಾರ್ಬೊನೇಟ್ ಪದಾರ್ಥ ತಾನೇ ಬಹುಪಾಲು ಅತಿನೇರಳೆಯನ್ನು ಹೀರಿಕೊಳ್ಳುವುದರಿಂದ ಬಣ್ಣವೇ ಇಲ್ಲದ ಲೆನ್ಸ್ ಕೂಡ ಈ ಕೆಲಸ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ತಡೆಯಿಲ್ಲದ ಕಪ್ಪು ಲೆನ್ಸ್ ಬರಿಗಣ್ಣಿಗಿಂತ ಕೆಟ್ಟದ್ದು. ಕತ್ತಲೆಯೆಂದು ಭಾವಿಸಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಹಿಗ್ಗಿದ ಪಾಪೆಯೊಳಗೆ ಅತಿನೇರಳೆ ಸಲೀಸಾಗಿ ನುಗ್ಗುತ್ತದೆ.

ಅಂಟಿಸಿದ ಚೀಟಿಯನ್ನು ನಂಬಬೇಡಿ. ಹಲವು ಆಪ್ಟಿಕಲ್ ಅಂಗಡಿಗಳಲ್ಲಿ ಅತಿನೇರಳೆ ಅಳೆಯುವ ಪುಟ್ಟ ಯಂತ್ರವಿರುತ್ತದೆ. ಕೇಳಿದರೆ ನಿಮ್ಮೆದುರೇ ಪರೀಕ್ಷಿಸಿ ತೋರಿಸುತ್ತಾರೆ. ಹಿಂದೊಮ್ಮೆ ನಾನು ಚೀಟಿ ನೋಡಿ ಕೊಂಡ ಜೋಡಿಯನ್ನು ಬೇರೊಂದು ಅಂಗಡಿಯ ಯಂತ್ರಕ್ಕೆ ಹಿಡಿದಾಗ ಆ ಚೀಟಿಗೆ ಯಾವ ಅರ್ಥವೂ ಇರಲಿಲ್ಲವೆಂದು ತಿಳಿಯಿತು. ಯಂತ್ರವಿಲ್ಲದಿದ್ದರೆ, ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಒಂದು ನೋಟನ್ನಿಟ್ಟು ಅದರಲ್ಲಿ ಹೊಳೆಯುವ ಎಳೆಗಳನ್ನು ನೋಡಿರಿ. ಬಳಿಕ ದೀಪಕ್ಕೂ ನೋಟಿಗೂ ನಡುವೆ ಲೆನ್ಸ್ ಹಿಡಿಯಿರಿ. ಹೊಳಪು ಆರಿದರೆ ಲೆನ್ಸ್ ತಡೆಯುತ್ತಿದೆ. ಇದು ಅಂದಾಜಿನ ಪರೀಕ್ಷೆ ಮಾತ್ರ, ಮತ್ತು ದೀಪದೊಳಗೆ ಇಣುಕಿ ನೋಡಬಾರದು.

4. ಈಗ ಕಪ್ಪು ಎಷ್ಟಿರಬೇಕೆಂದು ತೀರ್ಮಾನಿಸಿ

ತಂಪು ಕನ್ನಡಕಗಳನ್ನು ಒಳಬಿಡುವ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಐದು ವರ್ಗ ಮಾಡುತ್ತಾರೆ. ವರ್ಗ 0 ಶೇ. 80ಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತದೆ, ವರ್ಗ 1 ಶೇ. 43ರಿಂದ 80, ವರ್ಗ 2 ಶೇ. 18ರಿಂದ 43, ವರ್ಗ 3 ಶೇ. 8ರಿಂದ 18, ವರ್ಗ 4 ಶೇ. 3ರಿಂದ 8. ಕಡ್ಡಿಯ ಒಳಬದಿಯಲ್ಲಿ ‘ಕ್ಯಾಟ್ 3’ ಎಂಬಂತೆ ಬರೆದಿರುವುದು ಇದನ್ನೇ.

ಓದುಗರು ‘ಭಾಳ ಕಪ್ಪನ್ನ’ ಎಂದು ಕೇಳುವುದು ವರ್ಗ 4 ಅನ್ನು. ಅದು ಹಿಮ ಪರ್ವತಗಳಿಗೆಂದು ಮಾಡಿದ್ದು. ಅದನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ಗುರಿ ಅಭ್ಯಾಸಕ್ಕೆ ಅದು ಯಾಕೆ ಒಗ್ಗುವುದಿಲ್ಲ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರೈಫಲ್ ಹಿಡಿದಾಗ ಕಣ್ಣು ಮೂರು ವಸ್ತುಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ: ಗೇಣಳತೆಯೊಳಗಿರುವ ಹಿಂದಿನ ಸೈಟ್, ತೋಳಳತೆಯಾಚೆಯ ಮುಂದಿನ ಸೈಟ್, ದೂರದ ಗುರಿ. ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ಹಿಡಿಯಬಲ್ಲದು. ಉಳಿದವು ಎಷ್ಟು ಮಸುಕಾಗುತ್ತವೆ ಎಂಬುದು ಪಾಪೆಯ ಅಗಲವನ್ನು ಅವಲಂಬಿಸಿದೆ. ಬಿಸಿಲಿನಲ್ಲಿ ಪಾಪೆ ಕಿರಿದಾಗಿರುವಾಗ ಮೂರೂ ಸಾಕಷ್ಟು ಚೊಕ್ಕಟವಾಗಿ ಕಾಣುತ್ತವೆ, ಕ್ಯಾಮೆರಾದಲ್ಲಿ ತೂತು ಚಿಕ್ಕದು ಮಾಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುವಂತೆ. ತೀರ ಕಪ್ಪು ಲೆನ್ಸ್ ಹಾಕಿದೊಡನೆ ಪಾಪೆ ಹಿಗ್ಗಿ ಈ ಅನುಕೂಲ ಕಳೆದುಹೋಗುತ್ತದೆ. ‘ಕಣ್ಣು ತಣ್ಣಗಾತು, ಆದ್ರ ಗುಂಡು ಎಲ್ಲೆಲ್ಲೋ ಹೊಂಟಾವು’ ಎಂದು ಹೇಳುವವರ ತೊಂದರೆ ಹೆಚ್ಚಾಗಿ ಇದೇ.

ಆದ್ದರಿಂದ ನನ್ನ ಸಲಹೆ ಹೀಗಿದೆ. ನೆರಳಿನಲ್ಲಿ ನಿಂತು ಬಿಸಿಲಿನ ಗುರಿಗೆ ಹೊಡೆಯುವವರು ವರ್ಗ 1 ಅಥವಾ ವರ್ಗ 2ರ ತಿಳಿ ಲೆನ್ಸ್ ಆರಿಸಲಿ. ಪೂರ್ತಿ ಬಯಲಿನಲ್ಲಿ ನಿಲ್ಲುವವರಿಗೆ ವರ್ಗ 2 ಸಾಕು. ಏಪ್ರಿಲ್-ಮೇ ನಡುಹಗಲಿನಲ್ಲಿ, ಬೆಳ್ಳನೆಯ ನೆಲವಿದ್ದರೆ, ವರ್ಗ 3ರವರೆಗೆ ಹೋಗಬಹುದು. ಅದಕ್ಕಿಂತ ಮೇಲೆ ಬೇಡ. ಅಂಚಿರುವ ಟೋಪಿಯೊಂದು ನೆತ್ತಿಯ ಸೂರ್ಯನನ್ನು ತಡೆದರೆ ಒಂದು ವರ್ಗ ತಿಳಿಯಾದ ಲೆನ್ಸಿನಲ್ಲಿಯೇ ಕೆಲಸ ಸಾಗುತ್ತದೆ. ಟೋಪಿಗೆ ಕೊಡುವ ದುಡ್ಡು ಕನ್ನಡಕಕ್ಕೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ.

ಬೆಳಕಿಗೆ ತಕ್ಕಂತೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಬಿಸಿಲಿನಲ್ಲಿ ಬೇಗ ಕಪ್ಪಾಗುತ್ತದೆ, ಆದರೆ ನೆರಳಿಗೆ ಬಂದಾಗ ತಿಳಿಯಾಗಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಇನ್ನೊಂದು ಗುಣವನ್ನು ಮಾರುವವರು ಹೇಳುವುದು ಕಡಿಮೆ: ಸೆಖೆ ಹೆಚ್ಚಿದಷ್ಟೂ ಅದು ಕಪ್ಪಾಗುವುದು ಕಡಿಮೆ. ಹಾವೇರಿ, ಗದಗಿನ ಮೇ ತಿಂಗಳಿನಲ್ಲಿ, ಯಾವಾಗ ನಿಮಗೆ ಅದು ಹೆಚ್ಚು ಬೇಕೋ ಆವಾಗಲೇ ಅದು ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ.

ಮೇಲರ್ಧ ಕಪ್ಪು, ಕೆಳಗರ್ಧ ತಿಳಿ ಇರುವ ಲೆನ್ಸ್ ಕೂಡ ಬೇಡ. ಕೆನ್ನೆಯನ್ನು ಬಂದೂಕಿಗೆ ಒತ್ತಿದಾಗ ನೀವು ನೋಡುವುದು ಲೆನ್ಸಿನ ಮೇಲ್ಭಾಗದಿಂದಲೇ.

5. ಬಣ್ಣ

ಬಿಳಿ ಕಾಗದದ ಮೇಲೆ ಕಪ್ಪು ವೃತ್ತವಿರುವ ಸಾಮಾನ್ಯ ಗುರಿಗೆ ಬಣ್ಣ ಬಹಳ ದೊಡ್ಡ ಪ್ರಶ್ನೆಯೇ ಅಲ್ಲ. ಬೂದು ಬಣ್ಣದ ಲೆನ್ಸ್ ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸುತ್ತದೆ. ಕಂದು ಮತ್ತು ತಾಮ್ರದ ಬಣ್ಣದವು ನೀಲಿಯನ್ನು ಹೆಚ್ಚು ತಡೆದು ಅಂಚುಗಳನ್ನು ಎತ್ತಿ ತೋರಿಸುತ್ತವೆ. ನಮ್ಮ ಬಿಸಿಲಿಗೆ ನಾನು ತಿಳಿಗಂದು ಬಣ್ಣವನ್ನೇ ಶಿಫಾರಸು ಮಾಡುತ್ತೇನೆ. ಹಳದಿ ಲೆನ್ಸ್ ‘ಶೂಟಿಂಗ್ ಗ್ಲಾಸ್’ ಎಂದೇ ಹೆಸರಾಗಿದ್ದರೂ ಅದು ಧಾರವಾಡದ ಜುಲೈ ತಿಂಗಳ ಮೋಡದ ದಿನಕ್ಕೆ ಸರಿ. ಅದು ಬಹುಪಾಲು ಬೆಳಕನ್ನು ಒಳಬಿಡುವುದರಿಂದ ಉರಿಬಿಸಿಲಿನಲ್ಲಿ ಪ್ರಯೋಜನವಿಲ್ಲ. ಹಾರುವ ಕಿತ್ತಳೆ ಬಣ್ಣದ ತಟ್ಟೆಗೆ (110 ಮಿ.ಮೀ. ವ್ಯಾಸದ ಕ್ಲೇ ಟಾರ್ಗೆಟ್) ಶಾಟ್‌ಗನ್ನಿನಿಂದ ಹೊಡೆಯುವವರಿಗೆ ಮಾತ್ರ ಬಣ್ಣ ನಿಜಕ್ಕೂ ಮುಖ್ಯ: ಕೆಂಪು ಅಥವಾ ಕೆನ್ನೀಲಿ ಛಾಯೆಯ ಲೆನ್ಸ್ ಹಸಿರಿನ ಹಿನ್ನೆಲೆಯಿಂದ ತಟ್ಟೆಯನ್ನು ಬೇರ್ಪಡಿಸಿ ತೋರಿಸುತ್ತದೆ.

ಪೋಲರೈಸ್ಡ್ ಲೆನ್ಸ್ ನೀರು, ಡಾಂಬರು ರಸ್ತೆಗಳಂಥ ಚಪ್ಪಟೆ ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ಕತ್ತರಿಸುತ್ತದೆ. ಉಣಕಲ್ ಕೆರೆಯ ದಂಡೆಯ ಮೇಲೆ ತಿರುಗಾಡಲು ಅದು ಸೊಗಸು. ಕಾಗದದ ಗುರಿಗೆ ಅದರಿಂದ ವಿಶೇಷ ಲಾಭವಿಲ್ಲ. ಮೇಲಾಗಿ ಎಲೆಕ್ಟ್ರಾನಿಕ್ ಗುರಿಯ ಪರದೆ ಅದರ ಮೂಲಕ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣಬಹುದು. ಪೋಲರೈಸ್ಡ್ ಎಂದರೆ ಗಟ್ಟಿ ಎಂದಾಗಲಿ, ಯುವಿ ತಡೆ ಎಂದಾಗಲಿ ಅರ್ಥವಲ್ಲ.

6. ಮುಖಕ್ಕೆ, ಬಂದೂಕಿಗೆ, ಕಿವಿಗೆ ಹೊಂದುತ್ತದೆಯೇ ನೋಡಿ

ಹೆಚ್ಚಿನ ಖರೀದಿಗಳು ಹಾಳಾಗುವುದು ಇಲ್ಲಿ. ಅಂಗಡಿಯ ಕನ್ನಡಿಯೆದುರು ತಲೆ ನೆಟ್ಟಗೆ ಇಟ್ಟು ನೋಡಿಕೊಳ್ಳುತ್ತೇವೆ, ರೇಂಜಿನಲ್ಲಿ ತಲೆ ಬಾಗಿಸಿ ಕೆನ್ನೆಯೊತ್ತಿ ನೋಡುತ್ತೇವೆ. ಆಗ ಫ್ರೇಮಿನ ಮೇಲಿನ ಪಟ್ಟಿ ಸರಿಯಾಗಿ ಸೈಟಿಗೆ ಅಡ್ಡ ಬರುತ್ತದೆ. ರೈಫಲ್ಲನ್ನು ಆಪ್ಟಿಕಲ್ ಅಂಗಡಿಗೆ ಒಯ್ಯುವಂತಿಲ್ಲವಾದ್ದರಿಂದ ಛತ್ರಿಯನ್ನು ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ, ಅದರ ಉದ್ದಕ್ಕೂ ದೂರದ ಬೋರ್ಡಿನ ಒಂದು ಅಕ್ಷರವನ್ನು ನೋಡಿರಿ. ಕೊಪ್ಪಿಕರ್ ರಸ್ತೆಯಲ್ಲಿ ಜನ ಒಂದು ಕ್ಷಣ ನಿಂತು ನೋಡಿದರೆ ನೋಡಲಿ. ಮೇಲಿನ ಅಂಚು ಅಡ್ಡ ಬಂದರೆ, ಮೇಲೆ ಪಟ್ಟಿಯಿಲ್ಲದ ಅಥವಾ ಮೂಗಿನ ಮೇಲೆ ಎತ್ತರದಲ್ಲಿ ಕೂರುವ ಮಾದರಿ ಕೇಳಿ.

ಅದೇ ಹೊತ್ತಿಗೆ ಇವನ್ನೂ ಪರೀಕ್ಷಿಸಿ. ಹುಬ್ಬಿಗೂ ಲೆನ್ಸಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದಿದ್ದರೆ ಬಿಸಿ ಕೊಪ್ಪೆ ಅಲ್ಲಿಂದ ಒಳಕ್ಕೆ ಬೀಳಬಹುದು. ಟೋಪಿಯ ಅಂಚು ಆ ಸಂದಿಯನ್ನು ಮುಚ್ಚುವಂತಿರಲಿ. ರೆಪ್ಪೆಗೂದಲು ಲೆನ್ಸಿಗೆ ತಾಕಬಾರದು. ಇಯರ್ ಮಫ್ ಹಾಕಿ ನೋಡಿ: ದಪ್ಪ ಕಡ್ಡಿಗಳು ಮಫ್ಫಿನ ಮೆತ್ತೆಯನ್ನು ಎತ್ತಿ ಹಿಡಿದು ಸದ್ದು ಒಳಬರುವಂತೆ ಮಾಡುತ್ತವೆ, ತೆಳು ಚಪ್ಪಟೆ ಕಡ್ಡಿ ಒಳ್ಳೆಯದು. ತಲೆ ಬಗ್ಗಿಸಿ ಎರಡು ಸಲ ಅಲ್ಲಾಡಿಸಿ. ಬೆವರಿಲ್ಲದಾಗಲೇ ಜಾರುವ ಕನ್ನಡಕ ಬೆವರಿನಲ್ಲಿ ನಿಲ್ಲುವುದಿಲ್ಲ. ಹದಿಮೂರು-ಹದಿನಾಲ್ಕು ವರ್ಷದ ಮಕ್ಕಳಿಗೆ ದೊಡ್ಡವರ ಅಳತೆ ಕೊಡಿಸಿ ‘ಮುಂದೆ ಸರಿಹೋಗುತ್ತದೆ’ ಎನ್ನುವುದು ಅಂಗಿಗೆ ಸರಿ, ಇದಕ್ಕಲ್ಲ.

ಲೆನ್ಸ್ ನೋಟವನ್ನು ವಕ್ರವಾಗಿಸುತ್ತದೆಯೇ ಎಂದು ತಿಳಿಯಲು ಕನ್ನಡಕವನ್ನು ತೋಳಳತೆಯಲ್ಲಿ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನವಾಗಿ ಪಕ್ಕಕ್ಕೆ ಸರಿಸಿ. ಚೌಕಟ್ಟಿನ ಗೆರೆ ಅಲೆಯಂತೆ ಬಳುಕಿದರೆ ಆ ಜೋಡಿಯನ್ನು ಬಿಡಿ.

ಪಕ್ಕದ ಬೆಳಕಿಗೆಂದು ಹಾಕುವ ಪಟ್ಟಿಗಳಿಗೆ ಸ್ಪರ್ಧೆಯಲ್ಲಿ ಮಿತಿಯಿದೆ: ರೈಫಲ್ ಮತ್ತು ಪಿಸ್ತೂಲಿಗೆ ಪಕ್ಕದ ಪಟ್ಟಿಯ ಆಳ 40 ಮಿ.ಮೀ. ಮೀರಬಾರದು, ಗುರಿ ನೋಡದ ಕಣ್ಣಿನ ಮುಂದೆ ಹಿಡಿಯುವ ಪಟ್ಟಿಯ ಅಗಲ 30 ಮಿ.ಮೀ. ಮೀರಬಾರದು. ಒಂದು ಕಣ್ಣು ಬಿಗಿಯಾಗಿ ಮುಚ್ಚಿ ಹೊಡೆಯುವವರು ಈ ಪಟ್ಟಿ ಬಳಸಿ ಎರಡೂ ಕಣ್ಣು ತೆರೆದಿಡುವುದನ್ನು ಕಲಿತರೆ ಕಣ್ಣಿನ ದಣಿವು ಕಡಿಮೆಯಾಗುತ್ತದೆ.

7. ನಂಬರ್ ಇರುವವರು

ದಿನಬಳಕೆಯ ಚಾಳೀಸದ ಮೇಲೆಯೇ ಹಾಕುವ ದೊಡ್ಡ ರಕ್ಷಣಾ ಕನ್ನಡಕ ಅಗ್ಗದ ದಾರಿ. ಎನ್‌ಸಿಸಿಯ ಒಂದೆರಡು ದಿನದ ಅಭ್ಯಾಸಕ್ಕೆ ಅದು ಸಾಕು. ವರ್ಷವಿಡೀ ಅಭ್ಯಾಸ ಮಾಡುವವರು ಪಾಲಿಕಾರ್ಬೊನೇಟಿನಲ್ಲಿಯೇ ನಂಬರ್ ಮಾಡಿಸಿಕೊಳ್ಳುವುದು ಉತ್ತಮ, ಮತ್ತು ಫ್ರೇಮೂ ರಕ್ಷಣಾ ಮಾದರಿಯದಾಗಿರಲಿ (ನಂಬರ್ ಹಾಕಿಸಬಹುದಾದ ಇಂಥ ಫ್ರೇಮಿನ ಮೇಲೆ ‘ಝಡ್87-2’ ಎಂದಿರುತ್ತದೆ). ಸಾಮಾನ್ಯ ಫ್ರೇಮಿನಲ್ಲಿ ಲೆನ್ಸ್ ಒಡೆಯದಿದ್ದರೂ ಏಟಿಗೆ ಹಿಂದಕ್ಕೆ ಕಳಚಿ ಕಣ್ಣಿಗೇ ಬಡಿಯಬಹುದು. ಹೆಚ್ಚು ನಂಬರ್ ಇದ್ದವರಿಗೆ ತೀರ ಬಾಗಿದ ಲೆನ್ಸ್ ಅಂಚಿನಲ್ಲಿ ವಕ್ರವಾಗಿ ತೋರಿಸುತ್ತದೆ. ಓದುವ ಭಾಗ ಬೇರೆಯಿರುವ ಬೈಫೋಕಲ್ ಗುರಿ ಅಭ್ಯಾಸಕ್ಕೆ ಅನನುಕೂಲ.

ನಲವತ್ತು ದಾಟಿದವರಿಗೆ ಮುಂದಿನ ಸೈಟ್ ಮಸುಕಾಗತೊಡಗುತ್ತದೆ. ದೂರದ ನಂಬರಿಗೆ ಅರ್ಧ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಆಸುಪಾಸಿನಷ್ಟು ಪ್ಲಸ್ ಸೇರಿಸಿದರೆ ಅದು ಮತ್ತೆ ತಿಳಿಯಾಗುವುದುಂಟು. ಕಣ್ಣು ಪರೀಕ್ಷಿಸುವವರಿಗೆ ‘ಇಷ್ಟು ದೂರದ ವಸ್ತು ಸ್ಪಷ್ಟ ಕಾಣಬೇಕು’ ಎಂದು ಅಳತೆಪಟ್ಟಿಯಿಂದ ತೋರಿಸಿ ಹೇಳಿ. ಅಂದಾಜಿನಿಂದ ನೀವೇ ನಂಬರ್ ಬದಲಿಸಬೇಡಿ.

8. ತಂದ ಮೇಲೆ

ಪಾಲಿಕಾರ್ಬೊನೇಟ್ ಏಟಿಗೆ ಗಟ್ಟಿ, ಗೀರಿಗೆ ಮೆದು. ದೂಳು ಕೂತ ಲೆನ್ಸನ್ನು ಅಂಗಿಯ ತುದಿಯಿಂದಲೋ ಟವೆಲ್ಲಿನಿಂದಲೋ ಒಣಗಿದ್ದಾಗಲೇ ಒರೆಸಿದರೆ ಮಣ್ಣಿನ ಕಣಗಳು ಮರಳುಕಾಗದದಂತೆ ಉಜ್ಜುತ್ತವೆ. ಮೊದಲು ನೀರು ಹಾಯಿಸಿ, ಬೇಕಾದರೆ ಒಂದು ಹನಿ ಸೌಮ್ಯ ಸೋಪಿನ ನೀರು ಹಚ್ಚಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒಣಗಿಸಿ. ಥಿನ್ನರ್, ಪೆಟ್ರೋಲ್, ಬಂದೂಕು ಒರೆಸುವ ದ್ರಾವಣ ಯಾವುದೂ ತಾಗದಿರಲಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ; ಸೆಖೆಗೆ ಲೇಪನ ಬಿರಿಯುತ್ತದೆ.

ಮೊದಲ ದಿನ ಹೊಸ ಕನ್ನಡಕ ಹಾಕಿಕೊಂಡು ಹೊಡೆದ ಹತ್ತು ಗುಂಡುಗಳ ಗುಂಪನ್ನು ಹಳೆಯ ಗುಂಪಿನೊಡನೆ ಹೋಲಿಸಿ. ಗುಂಪು ಹರಡಿದ್ದರೆ ಲೆನ್ಸ್ ಒಂದು ವರ್ಗ ಹೆಚ್ಚು ಕಪ್ಪಾಗಿದೆ ಎಂದು ಮೊದಲು ಸಂಶಯಿಸಿ. ಸೈಟಿನ ಸ್ಕ್ರೂ ತಿರುಗಿಸಲು ಹೋಗಬೇಡಿ.

ಹೊಡೆಯುವವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುವವರೂ ಅಂಕ ಬರೆಯುವವರೂ ಕನ್ನಡಕ ಹಾಕಬೇಕು. ಒಮ್ಮೆ ಚೂರು ಬಡಿದ ಲೆನ್ಸನ್ನು ಬಿರುಕು ಕಾಣದಿದ್ದರೂ ಬದಲಿಸಿ, ಏಕೆಂದರೆ ಎರಡನೆಯ ಏಟನ್ನು ಅದು ಮೊದಲಿನಂತೆ ತಡೆಯುತ್ತದೆಂಬ ಭರವಸೆಯಿಲ್ಲ. ಹಾಗೆ ತೆಗೆದಿಟ್ಟ ಜೋಡಿಯನ್ನು ಬೈಕ್ ಓಡಿಸಲು ಬೇಕಾದರೆ ಇಟ್ಟುಕೊಳ್ಳಿ, ಮನೆಯ ತಮ್ಮನಿಗೋ ತಂಗಿಗೋ ಅಭ್ಯಾಸಕ್ಕೆಂದು ಕೊಡಬೇಡಿ.